ಗಸಗಸೆ ಕೇಸಿನ ಸಾಕ್ಷಿ

ಕುವೈತಿನ ನ್ಯಾಯಾಲಯದಲ್ಲಿ ಜ್ಯೂರಿ ಇಲ್ಲ. ಮೂವರು ನ್ಯಾಯಾಧೀಶರು ಬರುತ್ತಾರೆ, ಕೇಳುತ್ತಾರೆ, ಇನ್ನೊಂದು ದಿನ ಬಂದು ತೀರ್ಪು ಓದುತ್ತಾರೆ, ಮುಗಿಯಿತು. ಜ್ಯೂರಿ ನೋಡಬೇಕೆಂದರೆ ಮೈದಾನ್ ಹವಲ್ಲಿಯ ನಮ್ಮ ಕಟ್ಟಡಕ್ಕೆ ಬರಬೇಕು. ಆರು ಮಹಡಿಗೆ ಒಂದೇ ಲಿಫ್ಟು, ಅದೂ ವಾರಕ್ಕೆರಡು ಸಲ ಕೈಕೊಡುತ್ತದೆ. ಅದಕ್ಕಾಗಿ ಕಾಯುತ್ತ ನಿಂತವರು ಹತ್ತೇ ನಿಮಿಷದಲ್ಲಿ ಯಾರನ್ನು ಬೇಕಾದರೂ ಜೈಲಿಗೆ ಹಾಕುತ್ತಾರೆ, ಯಾರನ್ನು ಬೇಕಾದರೂ ಬಿಡಿಸಿಕೊಂಡು ಬರುತ್ತಾರೆ. ಉಳಿದದ್ದು ಮೊಬೈಲಿನ ಗ್ರೂಪಿನಲ್ಲಿ. ಇದನ್ನು ಬೇರೆಯವರನ್ನು ಬೈಯಲೆಂದು ಹೇಳುತ್ತಿಲ್ಲ. ಬೈಯುತ್ತೇನೆ, ಅದು ಬೇರೆ ಮಾತು. ಆದರೆ ಹನ್ನೊಂದು ವರ್ಷದಿಂದ ಆ ಲಿಫ್ಟಿನ ಮುಂದೆ ನಾನೂ ನಿಂತಿದ್ದೇನೆ, ನಾನೂ ತೀರ್ಪು ಕೊಟ್ಟಿದ್ದೇನೆ.

ಕೇಸು ಗಸಗಸೆಯದು. ಊರಲ್ಲಿ ಹೇಳಿದರೆ ನಗುತ್ತಾರೆ, ಪಾಯಸಕ್ಕೆ ಹಾಕುವ ಗಸಗಸೆಗೆ ಯಾರಾದರೂ ಹಿಡಿದುಕೊಂಡು ಹೋಗುತ್ತಾರೆಯೇ ಅಂತ. ಇಲ್ಲಿ ಹಾಗಲ್ಲ. ಅದು ಅಫೀಮಿನ ಗಿಡದ ಬೀಜ, ತರುವಂತಿಲ್ಲ. ತಂದು ಸಿಕ್ಕಿಬಿದ್ದರೆ ಮಾದಕ ವಸ್ತುವಿನ ಕೇಸು. ಇಲ್ಲಿಗೆ ಬಂದ ಪ್ರತಿ ಹೆಂಗಸಿಗೂ ಮೊದಲ ತಿಂಗಳಲ್ಲೇ ಯಾರಾದರೊಬ್ಬರು ಈ ಮಾತು ಹೇಳಿರುತ್ತಾರೆ. ನನಗೂ ಹೇಳಿದ್ದರು.

ರಜೆಗೆ ಹೋಗುವವರು ಹೊರಡುವ ಮುನ್ನ ಪರಿಚಯದ ಮನೆಗಳ ಬಾಗಿಲು ತಟ್ಟಿ, ಊರಿಂದ ಏನಾದರೂ ತರಬೇಕೇ ಎಂದು ಕೇಳುವುದು ನಮ್ಮ ಕಟ್ಟಡದ ರಿವಾಜು. ಕೇಳದೆ ಹೋದರೆ ಸೊಕ್ಕು ಅನ್ನುತ್ತಾರೆ. ಕೇಳಿದರೆ ಮುಗಿಯಿತು, ಬರುವಾಗ ಅವರ ಚೀಲದಲ್ಲಿ ಅರ್ಧಕ್ಕರ್ಧ ಬೇರೆಯವರ ಉಪ್ಪಿನಕಾಯಿ, ಹಪ್ಪಳ, ಹೊಲಿಸಿದ ಕುಪ್ಪಸಗಳೇ ತುಂಬಿರುತ್ತವೆ. ಆ ಗಂಟುಗಳನ್ನು ತರುವವರು ಬಿಚ್ಚಿ ನೋಡುವಂತಿಲ್ಲ. ಬಿಚ್ಚಿದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಇದು ತಪ್ಪು ಎಂದು ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತೇವೆ.

ಆ ಸಲ ದೀಪಾವಳಿಗೆ ಮೊದಲು ರಜೆಗೆ ಹೋದವರು ಎರಡನೇ ಮಹಡಿಯ ಬ್ಯಾಂಕಿನ ಅಣ್ಣ. ಮೈಸೂರಿನವರು, ಇಲ್ಲಿಯ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ. ಲಿಫ್ಟಿನಲ್ಲಿ ನಾಲ್ಕು ಜನ ಹತ್ತಿದರೆ ತಾವು ಇಳಿದು ಮೆಟ್ಟಿಲು ಹತ್ತುವಂಥ ಮನುಷ್ಯ. ಅವರ ಹೆಂಡತಿಯನ್ನು ನಾವೆಲ್ಲ ಮೈಸೂರಕ್ಕ ಅನ್ನುತ್ತೇವೆ. ಒಬ್ಬಳೇ ಮಗಳು, ಹತ್ತನೇ ಕ್ಲಾಸು. ತಾಯಿ, ಮಗಳು ಇಲ್ಲೇ ಉಳಿದು ಅಣ್ಣ ಒಬ್ಬರೇ ಹತ್ತು ದಿನಕ್ಕೆ ಹೋಗಿದ್ದರು. ನಮ್ಮ ಬಾಗಿಲನ್ನೂ ತಟ್ಟಿ, ‘ಊರಿಂದ ಏನಾದ್ರೂ ತರಬೇಕಾಮ್ಮ?’ ಎಂದು ಕೇಳಿದ್ದರು.

ನನ್ನ ತಂಗಿ ಇರುವುದು ಮೈಸೂರಿನಲ್ಲೇ, ಅವಳ ಗಂಡನಿಗೆ ರೈಲ್ವೆಯಲ್ಲಿ ಕೆಲಸ. ಅವಳು ಕೊಡುವ ಒಂದು ಗಂಟು ತನ್ನಿ ಅಂದಿದ್ದೆ. ನಮ್ಮ ತವರು ಬಾಗಲಕೋಟೆ ಕಡೆ. ನಮ್ಮಲ್ಲಿ ದೀಪಾವಳಿ ಅಂದರೆ ಅನಾರಸ. ಅಕ್ಕಿ ನೆನೆಹಾಕಿ, ಕುಟ್ಟಿ, ಬೆಲ್ಲ ಕಲಸಿ, ಆ ಹಿಟ್ಟನ್ನು ದಿನಗಟ್ಟಲೆ ಕಳಿಯಲು ಬಿಟ್ಟು, ಗಸಗಸೆಯ ಮೇಲೆ ತಟ್ಟಿ ಕರಿಯಬೇಕು. ಇಲ್ಲಿ ಎಲ್ಲರೂ ಎಳ್ಳು ಹಚ್ಚಿ ಸಮಾಧಾನ ಮಾಡಿಕೊಳ್ಳುತ್ತಾರೆ. ನಾನು ಪ್ರತಿ ವರ್ಷ ಫೋನಿನಲ್ಲಿ ತಂಗಿಯ ಮುಂದೆ ಗೊಣಗುತ್ತಿದ್ದೆ, ಎಳ್ಳು ಹಚ್ಚಿದ್ದು ಅನಾರಸವೇ ಅಲ್ಲ ಅಂತ. ಗಸಗಸೆ ತರುವಂತಿಲ್ಲ ಎಂಬುದನ್ನು ಮಾತ್ರ ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ.

ಅಣ್ಣ ಮೈಸೂರಿನಿಂದ ವಾಪಸು ಹೊರಡುವ ದಿನ ಸಂಜೆ ಚಹಾ ಕುಡಿಯುತ್ತಿದ್ದಾಗ ತಂಗಿಯ ದನಿಸಂದೇಶ ಬಂತು.

‘ಅಕ್ಕಾ, ಗಂಟ ಅಣ್ಣಾರ ಕೈಯಾಗ ಕೊಟ್ಟ ಬಂದೆ ನೋಡು. ಶೇಂಗಾ ಚಟ್ನಿ ಐತಿ, ಅನಾರಸದ ಹಿಟ್ಟ ಐತಿ. ಹಿಟ್ಟಿನ ಬುಡಕ ಅರ್ಧಾ ಕಿಲೋ ಗಸಗಸಿ ಡಬ್ಬಿ ಇಟ್ಟೇನಿ, ಒಡದು ಗಿಡದು ಚೆಲ್ಲಬಾರದಂತ. ಅಣ್ಣಾರ ಒಳಗ ಏನೈತಿ ಅಂತ ಕೇಳಿದ್ರು, ಚಟ್ನಿ, ಹಿಟ್ಟ ಅಂದೆ. ಗಸಗಸಿ ಹೇಳೂದ ಮರತ ಬಿಟ್ಟೆ. ಈ ಸಲ ಎಳ್ಳ ಹಚ್ಚಬ್ಯಾಡ ಮಾರಾಯ್ತಿ!’

ಕೇಳಿದೆ. ಅಣ್ಣ ಮೈಸೂರಿನ ಮನೆ ಬಿಡಲು ಇನ್ನೂ ಕೆಲವು ತಾಸುಗಳಿದ್ದವು. ಒಂದು ಫೋನು ಮಾಡಿ, ಅಣ್ಣಾರ, ಆ ಡಬ್ಬಿ ತೆಗೆದಿಟ್ಟು ಬನ್ನಿ ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಹೇಳಿದರೆ ಅವರ ಮುಂದೆ ನನ್ನ ಮರ್ಯಾದೆ ಹೋಗುತ್ತದೆ ಅನ್ನಿಸಿತು. ಎಷ್ಟು ಜನ ತರುವುದಿಲ್ಲ, ಒಂದು ಡಬ್ಬಿಗೆ ಏನಾಗುತ್ತದೆ ಅನ್ನಿಸಿತು. ಇವೆಲ್ಲ ಸುಳ್ಳು. ನಿಜ ಹೇಳಬೇಕೆಂದರೆ ನನಗೆ ಅನಾರಸ ತಿನ್ನಬೇಕಿತ್ತು.

ಮರುದಿನ ಮಧ್ಯಾಹ್ನ ನನ್ನ ಗಂಡ ಫೋನು ಮಾಡಿದರು. ಅವರು ಶುಐಬಾದ ಒಂದು ಕಾರ್ಖಾನೆಯಲ್ಲಿ ತಂತ್ರಜ್ಞ, ಕೆಲಸದ ಹೊತ್ತಿನಲ್ಲಿ ಎಂದೂ ಫೋನು ಮಾಡುವವರಲ್ಲ.

‘ಬ್ಯಾಂಕಿನ ಅಣ್ಣಾರನ್ನ ಏರ್‌ಪೋರ್ಟ್‌ನ್ಯಾಗ ಹಿಡದಾರಂತ. ಬ್ಯಾಗಿನ್ಯಾಗ ಗಸಗಸಿ ಸಿಕ್ಕೈತಂತ. ನಮ್ಮ ಗಂಟೂ ಇತ್ತಲ್ಲ?’

‘ನಮ್ಮದರಾಗ ಚಟ್ನಿ ಅಷ್ಟ ಇತ್ರೀ’ ಅಂದೆ. ಫೋನು ಇಟ್ಟವಳೇ ಆ ದನಿಸಂದೇಶ ಹುಡುಕಿ ಅಳಿಸಿಹಾಕಿದೆ. ತಂಗಿಗೆ ಫೋನು ಮಾಡಿ, ‘ನೀನೂ ಅಳಸು, ಈಗಿಂದೀಗ ಅಳಸು’ ಅಂದೆ. ಯಾಕೆ ಎಂದು ಅವಳು ಕೇಳುತ್ತಲೇ ಇದ್ದಳು, ನಾನು ಕಟ್ ಮಾಡಿದೆ. ಅಂದು ಎರಡು ಸಲ ಕಸ ಗುಡಿಸಿದ್ದು ನೆನಪಿದೆ.

ಸಂಜೆಯೊಳಗೆ ಗ್ರೂಪಿನಲ್ಲಿ ವಿಚಾರಣೆ ಮುಗಿದಿತ್ತು. ನೋಡೋಕೆ ಎಷ್ಟು ಸಾಧು ಅಂತ ಒಬ್ಬರು. ಅರ್ಧ ಕಿಲೋ ಸ್ವಂತಕ್ಕೆ ಯಾರು ತರ್ತಾರೆ ಅಂತ ಇನ್ನೊಬ್ಬರು. ಬ್ಯಾಂಕಿನ ಕೆಲಸ ಇದ್ದೂ ಇದೆಲ್ಲ ಬೇಕಿತ್ತಾ ಅಂತ ಮತ್ತೊಬ್ಬರು, ಅದಕ್ಕೆ ಕೈಮುಗಿದ ಚಿತ್ರ ಬೇರೆ. ಮೂರನೇ ಮಹಡಿಯಲ್ಲಿ ಒಬ್ಬರಿದ್ದಾರೆ, ರಾಯ್ ಎಂಬ ಬಡಾವಣೆಯಲ್ಲಿ ಎ.ಸಿ. ಷೋರೂಮ್ ನೋಡಿಕೊಳ್ಳುವವರು. ಮಕ್ಕಳೆಲ್ಲ ಅವರನ್ನು ಷೋರೂಮ್ ಅಂಕಲ್ ಅನ್ನುತ್ತಾರೆ. ಎಲ್ಲ ಕೇಸಿನಲ್ಲೂ ಕೊನೆಯ ಮಾತು ಅವರದೇ. ‘ಖಲಾಸ್. ಹತ್ತು ವರ್ಷ ಗ್ಯಾರಂಟಿ’ ಎಂದು ಬರೆದರು. ಅವರ ಮಾತಿನ ಕೆಳಗೆ ಹೆಬ್ಬೆರಳುಗಳು ಸಾಲಾಗಿ ಬಿದ್ದವು.

ಲಿಫ್ಟಿನ ಮುಂದೆ ಒಬ್ಬಾಕೆ ನನ್ನನ್ನು ಕೇಳಿದರು, ‘ನಿಮ್ಮ ಗಂಟೂ ಅವರೇ ತರ್ತಿದ್ರಂತಲ್ಲ?’

‘ಇಲ್ರೀ, ಈ ಸಲ ಏನೂ ತರಿಸಿಲ್ಲ’ ಅಂದೆ. ನಾಲಿಗೆ ತಡವರಿಸಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೂರನೇ ದಿನ ಬೆಳಿಗ್ಗೆ ತರಕಾರಿ ತರಲು ಇಳಿದಾಗ ಮೈಸೂರಕ್ಕ ಎದುರಾದರು. ತಲೆ ಬಾಚಿರಲಿಲ್ಲ. ಅವರ ಸುತ್ತ ಎರಡು ಮಾರು ಜಾಗ ಬಿಟ್ಟು ಜನ ಓಡಾಡುತ್ತಿದ್ದರು. ನಾನೂ ಪಕ್ಕಕ್ಕೆ ಸರಿಯಲು ನೋಡಿದೆ. ಅವರೇ ನಿಂತರು.

‘ನಿನ್ನೆ ನೋಡೋಕೆ ಬಿಟ್ರು’ ಅಂದರು. ‘ಬ್ಯಾಗ್ ಯಾರದು ಅಂತ ಕೇಳಿದ್ದಕ್ಕೆ ನಂದೇ, ಒಳಗಿರೋದೆಲ್ಲ ನಂದೇ ಅಂದ್ಬಿಟ್ಟಿದಾರೆ. ಅರಬ್ಬೀಲಿ ಬರೆದಿದ್ದಕ್ಕೆ ಸೈನೂ ಹಾಕಿದಾರೆ. ಯಾಕೆ ಹಂಗಂದ್ರಿ ಅಂತ ಕೇಳ್ದೆ. ಬೇರೆಯವರದು ಅಂದ್ರೆ ಅವರನ್ನೂ ಕರೆಸ್ತಾರೆ, ಪಾಪ ಮಕ್ಕಳಿರೋ ಮನೆಗಳು, ಅಂತಾರೆ. ನಾಲ್ಕು ಮನೆ ಗಂಟಿತ್ತು. ಯಾರದರಲ್ಲಿತ್ತು ಅಂತ ನಂಗೂ ಹೇಳ್ತಿಲ್ಲ.’

ನನ್ನ ಮುಖವನ್ನೇ ನೋಡುತ್ತಿದ್ದರು. ನಿಮ್ಮದಾ ಎಂದು ಕೇಳಲಿಲ್ಲ. ಕೇಳಿದ್ದರೆ ಬಹುಶಃ ಮತ್ತೊಂದು ಸುಳ್ಳು ಹೇಳಿಬಿಡುತ್ತಿದ್ದೆ. ‘ಮಗಳು ಸ್ಕೂಲಿಗೆ ಹೋಗಲ್ಲ ಅಂತ ಕೂತಿದಾಳೆ’ ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು.

ತರಕಾರಿ ತರಲಿಲ್ಲ. ಮನೆಗೆ ವಾಪಸು ಬಂದು ತಂಗಿಗೆ ಫೋನು ಹಚ್ಚಿದೆ. ಆ ಸಂದೇಶ ಅಳಿಸಿದೆಯಾ ಎಂದು ಕೇಳಿದೆ. ಅಳಿಸಿಲ್ಲ ಎಂದು ಹೇಳಲಿ ದೇವರೇ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ.

‘ಅಳಸೂದ ನನಗ ಬರೂದಿಲ್ಲ. ಬಂದಿದ್ರೂ ಅಳಸತಿದ್ದಿಲ್ಲ’ ಅಂದಳು. ನನಗಿಂತ ಆರು ವರ್ಷ ಸಣ್ಣವಳು, ಆ ದನಿಯಲ್ಲಿ ನನ್ನೊಂದಿಗೆ ಎಂದೂ ಮಾತಾಡಿದವಳಲ್ಲ. ‘ಮನಿಗೆ ಗಂಟ ಕೊಡಾಕ ಹೋದಾಗ ಅಣ್ಣಾರ ತಾಯಿ ಕುಂಕುಮ ಹಚ್ಚಿ, ಕಾಫಿ ಕುಡಿಸಿ ಕಳಿಸ್ಯಾರ ಅಕ್ಕಾ. ನಿನ್ನ ಬಾಯಿಚಪಲಕ ಅವರ ಮಗಾ ಜೈಲಿನ್ಯಾಗ ಕೊಳೀಬೇಕೇನ? ತರಬಾರದ್ದಂತ ನನಗ್ಯಾಕ ಹೇಳಲಿಲ್ಲ? ಮನಷ್ಯಾಳೇನ ನೀ?’

ಬೈಸಿಕೊಂಡೆ. ಬೈಸಿಕೊಂಡಷ್ಟೂ ಹಗುರಾಯಿತು. ‘ಅದನ್ನ ನನಗ ಮತ್ತ ಕಳಸು’ ಅಂದೆ. ಕಳಿಸಿದಳು.

ಕೆಲಸದಿಂದ ಬಂದ ಗಂಡನ ಮುಂದೆ ಎಲ್ಲ ಒಪ್ಪಿಕೊಂಡೆ. ಬೂಟಿನ ಲಾಡಿ ಬಿಚ್ಚುತ್ತಿದ್ದವರು ಹಾಗೇ ಕೂತುಬಿಟ್ಟರು.

‘ನಾಳೆ ಹೋಗಿ ಹೇಳ್ತೀನ್ರಿ.’

‘ಹುಚ್ಚ ಹಿಡದೈತೇನ? ನಿನ್ನೂ ಒಳಗ ಹಾಕಿದ್ರ? ನನ್ನ ಇಕಾಮಾ ರದ್ದಾಗಿ ಇಲ್ಲಿರೂ ಪರ್ಮಿಟ್ಟ ಹೋತಂದ್ರ ಎಲ್ಲಾರೂ ಗಂಟುಮೂಟಿ ಕಟ್ಟಬೇಕಾಗ್ತೈತಿ. ಹುಡುಗೂರ ಸಾಲಿ ಏನಾಗಬೇಕ?’

‘ಅವರ ಮಗಳ ಸಾಲಿ ಈಗಾಗಲೇ ಬಂದ್ ಆಗೈತ್ರಿ.’

ಅವರು ಇನ್ನೊಂದು ಬೂಟನ್ನೂ ಬಿಚ್ಚಿ ಬಾಗಿಲ ಬಳಿ ಇಟ್ಟರು. ಬೆಳಿಗ್ಗೆ ನೋಡಿದರೆ ಶುಐಬಾ ಬಸ್ಸಿಗೆ ಹೋಗದೆ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಾರಿನ ಕೀಲಿ ಹಿಡಿದು ನಿಂತಿದ್ದರು. ‘ಯಲ್ಲಾ, ನಡಿ. ಮೊದಲ ಕೆಳಗ ಹೋಗೂಣು’ ಅಂದರು. ಮದುವೆಯಾದ ಇಷ್ಟು ವರ್ಷದಲ್ಲಿ ಆ ಮನುಷ್ಯನ ಮೇಲೆ ಅಂದಿನಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.

ಮೈಸೂರಕ್ಕನ ಮನೆಯ ಸೋಫಾದ ಅಂಚಿನಲ್ಲಿ ಕೂತು ‘ಗಂಟು ನಮ್ಮದ್ರಿ ಅಕ್ಕಾರ’ ಅಂದೆ. ದನಿಸಂದೇಶ ಕೇಳಿಸಿದೆ. ಪೂರಾ ಕೇಳಿದರು. ಬೈಯುತ್ತಾರೆ, ಅಳುತ್ತಾರೆ, ಹೊರಗೆ ನಡಿ ಅನ್ನುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಎದ್ದು ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ‘ವಕೀಲರು ಹತ್ತು ಗಂಟೆಗೆ ಸಿಗ್ತಾರೆ, ಬನ್ನಿ’ ಅಂದರು, ಅಷ್ಟೇ.

ವಕೀಲರ ಮೊದಲ ಪ್ರಶ್ನೆಯೇ, ಈ ಸಂದೇಶದ ಮೂಲ ನಿಮ್ಮ ಫೋನಿನಲ್ಲಿ ಯಾಕಿಲ್ಲ ಎಂಬುದು. ಮೈಸೂರಕ್ಕ ಆಗ ಹೊರಗೆ ಕಾಗದಗಳ ನಕಲು ಮಾಡಿಸುತ್ತಿದ್ದರು. ಅಳಿಸಿದ್ದೆ ಎಂದು ಪಿಸುದನಿಯಲ್ಲಿ ಹೇಳಿದೆ. ಅವರು ಬರೆದುಕೊಂಡರು. ಮೈಸೂರಕ್ಕನ ಮುಂದೆ ಮಾತ್ರ ಆ ಮಾತು ಬಾಯಿಗೆ ಬರಲಿಲ್ಲ.

ಆಮೇಲೆ ನಿಯಾಬಾ. ಸರ್ಕಾರದ ಪರವಾಗಿ ಕೇಸು ನಡೆಸುವ ಕಚೇರಿಗೆ ಇಲ್ಲಿ ಹಾಗನ್ನುತ್ತಾರೆ. ಅಲ್ಲಿ ಒಬ್ಬ ಹಿರಿಯ ದುಭಾಷಿ ಇದ್ದರು, ನನ್ನೊಂದಿಗೆ ಹಿಂದಿಯಲ್ಲಿ, ಅಧಿಕಾರಿಯೊಂದಿಗೆ ಅರಬ್ಬಿಯಲ್ಲಿ. ಈ ಸಂದೇಶ ನೀನು ಯಾವಾಗ ಕೇಳಿದೆ ಎಂಬ ಪ್ರಶ್ನೆ ಬಂತು. ‘ಅವರು ವಿಮಾನ ಹತ್ತುವ ಮೊದಲೇ’ ಅಂದೆ. ಆ ದುಭಾಷಿ ಅದನ್ನು ತಕ್ಷಣ ಅರಬ್ಬಿಗೆ ತಿರುಗಿಸಲಿಲ್ಲ. ‘ಸೋಚ್ ಕೆ ಬೋಲೋ, ಬೆಹನ್’, ಯೋಚಿಸಿ ಹೇಳು ತಂಗಿ, ಅಂದರು ಮೆಲ್ಲಗೆ. ವಿಮಾನ ಹತ್ತಿದ ಮೇಲೆ ಕೇಳಿದೆ ಅಂದಿದ್ದರೆ ನಾನೂ ಪಾರು, ಬ್ಯಾಂಕಿನ ಅಣ್ಣನೂ ಪಾರಾಗಬಹುದಿತ್ತು. ಆದರೆ ಒಂದು ಸುಳ್ಳಿಗೆ ಜಾಗ ಕೊಟ್ಟರೆ ಎಲ್ಲವೂ ಸುಳ್ಳೆನಿಸಿಬಿಟ್ಟೀತು ಎಂದು ಹೆದರಿದೆ. ಸುಳ್ಳು ಹೇಳಿ ಹೇಳಿ ಸಾಕಾಗಿಯೂ ಇತ್ತು. ಅದನ್ನೇ ಮತ್ತೊಮ್ಮೆ ಹೇಳಿದೆ. ನನ್ನನ್ನು ಎರಡನೇ ಆರೋಪಿ ಮಾಡಬಹುದು ಎಂದು ವಕೀಲರು ಮೊದಲೇ ಎಚ್ಚರಿಸಿದ್ದರು. ಯಾಕೆ ಮಾಡಲಿಲ್ಲವೋ ಇಂದಿಗೂ ನನಗೆ ತಿಳಿಯದು.

ಅಣ್ಣನನ್ನು ಮಾತ್ರ ಬಿಡಲಿಲ್ಲ. ಸೈನು ಹಾಕಿದ ಕಾಗದ ಅವರ ಕೊರಳಿಗೇ ಸುತ್ತಿಕೊಂಡಿತ್ತು. ಎರಡೂವರೆ ತಿಂಗಳು ಒಳಗಿದ್ದರು. ದೀಪಾವಳಿ ಬಂತು, ಹೋಯಿತು, ನಮ್ಮ ಮನೆಯಲ್ಲಿ ಬಾಣಲೆ ಒಲೆಗೇರಲಿಲ್ಲ.

ನಾನು ಸಾಕ್ಷಿ ಎಂಬುದು ಗೊತ್ತಾದ ಮೇಲೆ ಗ್ರೂಪಿನ ಜ್ಯೂರಿ ಇಬ್ಭಾಗವಾಯಿತು. ಅರ್ಧ ಜನಕ್ಕೆ ನಾನು ಸತ್ಯಹರಿಶ್ಚಂದ್ರನ ಸಾಲಿಗೆ ಸೇರಿದವಳು, ಇನ್ನರ್ಧಕ್ಕೆ ಇಡೀ ದಂಧೆಯ ಮುಖ್ಯಸ್ಥೆ. ನನ್ನ ಕೈಯ ಸಾರಿನ ಡಬ್ಬಿ ಈಸಿಕೊಳ್ಳಲು ಯೋಚಿಸುವವರೂ ಇದ್ದರು. ಅಯ್ಯೋ, ತಿಳಿಸಾರಿನಲ್ಲಿ ಏನು ಬಚ್ಚಿಡಲಿ? ಒಂದು ಮಾತು ಒಪ್ಪಿಕೊಳ್ಳಬೇಕು. ಅವರ ಮೇಲೆ ರೇಗಿದಷ್ಟೂ ಹಿಂದೆ ನಾನು ಕೊಟ್ಟ ತೀರ್ಪುಗಳು ನೆನಪಾಗುತ್ತಿದ್ದವು. ಎರಡು ವರ್ಷದ ಕೆಳಗೆ ಐದನೇ ಮಹಡಿಯ ಡ್ರೈವರ್ ಒಬ್ಬನನ್ನು ಪೊಲೀಸರು ಕರೆದೊಯ್ದಾಗ, ಅವನ ಕಣ್ಣೇ ಸರಿಯಿಲ್ಲ ಎಂದಿದ್ದವಳು ನಾನೇ. ಅವನೇನು ಮಾಡಿದ್ದ, ಬಿಟ್ಟರೋ ಇಲ್ಲವೋ ಎಂದು ಆಮೇಲೆ ಕೇಳುವ ಗೋಜಿಗೂ ಹೋಗಿರಲಿಲ್ಲ.

ನ್ಯಾಯಾಲಯದಲ್ಲಿ ನನ್ನ ಸರದಿ ಬಂದಾಗ ಅಣ್ಣ ಒಂದು ಬದಿಯ ಕಟಕಟೆಯೊಳಗಿದ್ದರು, ಬಡವಾಗಿದ್ದರು. ನನ್ನನ್ನು ನೋಡಿ ತಲೆಯಾಡಿಸಿದರು, ಲಿಫ್ಟಿನಲ್ಲಿ ಸಿಕ್ಕಾಗ ಆಡಿಸುವ ಹಾಗೆಯೇ. ನಡುವೆ ಕೂತ ನ್ಯಾಯಾಧೀಶರು ದುಭಾಷಿಯ ಮೂಲಕ ಕೇಳಿದರು, ಗೊತ್ತಿದ್ದೂ ಇವರಿಗೆ ಯಾಕೆ ಹೇಳಲಿಲ್ಲ? ವಕೀಲರು ಹೇಳಿಕೊಟ್ಟ ಉತ್ತರವೊಂದಿತ್ತು, ಮರೆತುಹೋಯಿತು. ‘ನನಗೆ ಅನಾರಸ ತಿನ್ನಬೇಕಿತ್ತು’ ಅಂದುಬಿಟ್ಟೆ. ಅನಾರಸ ಅಂದರೇನು ಎಂದು ದುಭಾಷಿ ಕೇಳಿದರು. ಅಕ್ಕಿ, ಬೆಲ್ಲ, ಮೇಲೆ ಗಸಗಸೆ, ಎಣ್ಣೆಯಲ್ಲಿ ಕರಿಯುವುದು, ಎಂದು ಕೈಯಲ್ಲಿ ತಟ್ಟಿ ತೋರಿಸಿದೆ. ಹಿಂದೆ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ, ನನ್ನ ಕೈಗಳನ್ನು ನೋಡುತ್ತಿದ್ದರು. ನನಗೆ ಅಳು ಬಂತು, ಅಲ್ಲೇ ಅತ್ತೆ.

ತೀರ್ಪಿನ ದಿನ ಚಳಿಯ ಬೆಳಗು. ಮುಂದಿನ ಸಾಲಿನಲ್ಲಿ ಮೈಸೂರಕ್ಕ ವಕೀಲರ ಪಕ್ಕ ಕೂತಿದ್ದರು. ನಾನೂ ನನ್ನ ಗಂಡನೂ ಹಿಂದೆ ಗೋಡೆಗೊರಗಿ ನಿಂತಿದ್ದೆವು. ತೀರ್ಪು ಅಂದರೆ ಎಲ್ಲರೂ ಎದ್ದು ನಿಂತು, ನಿಶ್ಶಬ್ದವಾಗಿ, ಒಂದು ದೊಡ್ಡ ಗಳಿಗೆ ಬರುತ್ತದೆ ಎಂದುಕೊಂಡಿದ್ದೆ. ಹಾಗೇನೂ ಇಲ್ಲ. ಒಂದರ ಹಿಂದೊಂದು ಕೇಸಿನ ಸಂಖ್ಯೆ, ಹೆಸರು, ಎರಡು ಮಾತು, ಮುಂದಿನದು. ನಮ್ಮ ಸಂಖ್ಯೆ ಬಂದದ್ದೂ ಹೋದದ್ದೂ ನಮಗೆ ತಿಳಿಯಲಿಲ್ಲ. ‘ಏನಂದ್ರು? ಏನಂದ್ರು?’ ಎಂದು ಮೈಸೂರಕ್ಕ ವಕೀಲರ ತೋಳು ಹಿಡಿದು ಅಲುಗಿಸುತ್ತಿದ್ದರು. ‘ಬರಾಆ’ ಅಂದರು ವಕೀಲರು, ಆಮೇಲೆ ಹಿಂದಿಯಲ್ಲಿ ಬಿಡಿಸಿ ಹೇಳಿದರು, ಖುಲಾಸೆ, ಬಿಡುಗಡೆ. ಗೊತ್ತಿದ್ದೇ ತಂದರು ಎಂಬುದು ಸಾಬೀತಾಗಿಲ್ಲ.

ಮೈಸೂರಕ್ಕ ಅಳಲಿಲ್ಲ, ನಗಲೂ ಇಲ್ಲ. ಚೀಲದ ಜಿಪ್ ಎಳೆದರು, ತೆಗೆದರು, ಮತ್ತೆ ಎಳೆದರು. ಅವರ ಪಕ್ಕ ಕರಿ ಅಬಾಯ ತೊಟ್ಟ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು. ನಮಗಿಂತ ಸ್ವಲ್ಪ ಮೊದಲು ಅವರ ಮಗನ ತೀರ್ಪು ಬಂದಿತ್ತು, ಅದು ಬಿಡುಗಡೆಯಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು. ಆ ತಾಯಿ ತಮ್ಮ ಕಣ್ಣೀರು ಒರೆಸಿಕೊಂಡು, ಮೈಸೂರಕ್ಕನ ಕೈ ಹಿಡಿದು, ‘ಮಬ್ರೂಕ್’ ಎಂದು ಹರಸಿದರು. ಆಗ ಮೈಸೂರಕ್ಕನ ಕಟ್ಟೆಯೊಡೆಯಿತು. ಒಬ್ಬರನ್ನೊಬ್ಬರು ತಬ್ಬಿಕೊಂಡು ಇಬ್ಬರೂ ಅತ್ತರು. ನಾನು ಮುಂದೆ ಹೋಗಲಿಲ್ಲ, ಹೋಗುವ ಮುಖವೂ ನನಗಿರಲಿಲ್ಲ.

ಮರುದಿನ ಮಧ್ಯಾಹ್ನ ಅಣ್ಣ ಮನೆಗೆ ಬಂದರು. ಸಂಜೆ ಐದಕ್ಕೆಲ್ಲ ಎರಡನೇ ಮಹಡಿಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಎರಡೂವರೆ ತಿಂಗಳು ಆ ಬಾಗಿಲ ಕಡೆ ತಲೆಹಾಕದವರೆಲ್ಲ ಮಿಠಾಯಿ ಡಬ್ಬಿ ಹಿಡಿದು ಬಂದಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, ನಮಗೆ ಮೊದಲೇ ಗೊತ್ತಿತ್ತು. ಷೋರೂಮ್ ಅಂಕಲ್ ಅಣ್ಣನ ಬೆನ್ನು ಚಪ್ಪರಿಸಿ, ‘ನಾನು ಮೊದಲ ದಿನಾನೇ ಹೇಳಿದ್ದೆ, ಈ ಮನುಷ್ಯ ಇರುವೆಗೂ ಕೆಟ್ಟದ್ದು ಮಾಡಲ್ಲ ಅಂತ’ ಅಂದರು.

ನನ್ನ ಪಿತ್ತ ನೆತ್ತಿಗೇರಿತು. ‘ಹೌದೇನ್ರಿ? ತಡೀರಿ, ಮೊದಲನೇ ದಿನ ಏನ್ ಬರದಿದ್ರಿ ಓದ್ತೀನಿ’ ಎಂದು ಫೋನು ತೆಗೆದು ಹಿಂದಕ್ಕೆ ಸರಿಸತೊಡಗಿದೆ. ನನ್ನ ಗಂಡ ಕೆಮ್ಮಿದರು. ಗೋಡೆಗೊರಗಿ ನಿಂತಿದ್ದ ಅಣ್ಣನ ಮಗಳು ಕತ್ತೆತ್ತಿ ನನ್ನನ್ನೇ ನೋಡಿದಳು. ‘ರೀಡ್ ಇಟ್, ಆಂಟಿ’ ಅಂದಳು. ಇಷ್ಟು ದಿನದಲ್ಲಿ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಅಷ್ಟರಲ್ಲಿ ಅಣ್ಣ ಎದ್ದು ಬಂದರು. ‘ಬೇಡಮ್ಮ. ಬಂದಿದಾರಲ್ಲ, ಅದೇ ದೊಡ್ಡದು’ ಅಂದರು. ಷೋರೂಮ್ ಅಂಕಲ್ ಕಿವಿಯವರೆಗೂ ಕೆಂಪಾಗಿದ್ದರು. ಆ ಮನುಷ್ಯನನ್ನು ಅಣ್ಣ ಕೈಹಿಡಿದು ತಮ್ಮ ಪಕ್ಕ ಕೂರಿಸಿಕೊಂಡು, ಅವರ ಡಬ್ಬಿಯಿಂದಲೇ ಒಂದು ಪೇಡೆ ತೆಗೆದು ಬಾಯಿಗೆ ಹಾಕಿಕೊಂಡರು. ಅಂಕಲ್ ತಲೆ ತಗ್ಗಿಸಿ, ‘ತಪ್ಪಾಯ್ತು ಮಾರಾಯ್ರೆ, ಬರೆದಿದ್ದೆ’ ಅಂದರು. ನಮ್ಮ ಜ್ಯೂರಿಯಲ್ಲಿ ಒಬ್ಬರು ತೀರ್ಪು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜನ ಹೋದ ಮೇಲೆ ಅಡುಗೆಮನೆಯಲ್ಲಿ ಲೋಟ ತೊಳೆಯಲು ನಿಂತೆ. ಮೈಸೂರಕ್ಕ ಒರೆಸಿಡುತ್ತಿದ್ದರು. ಅಂಕಲ್ ಒಬ್ಬರೇ ಒಪ್ಪಿಕೊಂಡು ಹೋದರು, ನಾನು ಇನ್ನೂ ಬಾಯಿ ಹೊಲಿದುಕೊಂಡು ನಿಂತಿದ್ದೆ.

‘ಅಕ್ಕಾರ, ಒಂದ ಮಾತ ಹೇಳಬೇಕಾಗೈತ್ರಿ. ಆ ದನಿಸಂದೇಶ ಮೊದಲನೇ ದಿನಾನೇ ಇತ್ತು ನನ್ನ ಕಡೆ. ಅಳಿಸಿಬಿಟ್ಟಿದ್ದೆ. ನನ್ನ ತಂಗಿ ಅಳಿಸಿದ್ದರ ಅಣ್ಣಾರ ಇವತ್ತ...’

ಅವರು ಕೈಯಲ್ಲಿದ್ದ ಲೋಟ ಒರೆಸುವುದನ್ನು ನಿಲ್ಲಿಸಲಿಲ್ಲ. ‘ಗೊತ್ತು. ವಕೀಲರು ಅವತ್ತೇ ಹೇಳಿದ್ರು.’

‘ಮತ್ತ ನನಗ ಏನೂ ಅನ್ನಲಿಲ್ಲಲ್ರಿ?’

‘ಅಂದಿದ್ರೆ ನೀವು ಸಾಕ್ಷಿ ಹೇಳೋಕೆ ಬರ್ತಿದ್ರೋ ಇಲ್ವೋ ಅಂತ ಭಯ ಇತ್ತು, ಅನ್ನಲಿಲ್ಲ. ಈಗ ಅಂತೀನಿ ಕೇಳಿ.’ ಲೋಟ ಕೆಳಗಿಟ್ಟರು. ‘ಸಿಟ್ಟಿದೆ. ಮೂರು ದಿನ ನನ್ನ ಮಗಳು ಅನ್ನ ಮುಟ್ಟಲಿಲ್ಲ, ನೀವು ಮೇಲ್ಗಡೆ ಎಲ್ಲಾ ಗೊತ್ತಿದ್ದೂ ಕೂತಿದ್ರಿ. ಅದು ಅಷ್ಟು ಬೇಗ ಹೋಗಲ್ಲ. ಹೋಗತ್ತೋ ಇಲ್ವೋ ನಂಗೂ ಗೊತ್ತಿಲ್ಲ. ಆದ್ರೆ ನಾಲ್ಕನೇ ದಿನ ಬಂದ್ರಲ್ಲ. ಯಾರೂ ಬರದೇ ಇದ್ದಾಗ ಬಂದ್ರಿ. ಅದನ್ನೂ ನಾನು ಮರೀಬಾರದು ಅಂತ ದಿನಾ ಹೇಳ್ಕೊಳ್ತಾ ಇದೀನಿ.’

ನಾನು ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಿದ್ದೆ. ಅವರೇ ನಿಲ್ಲಿಸಿದರು. ‘ಸರ್ಕಾರದವರು ಅಪೀಲಿಗೆ ಹೋಗ್ತಾರಂತೆ. ಮತ್ತೆ ಕರೆದ್ರೆ ಬರ್ತೀರಾ?’

‘ಎಷ್ಟ ಸಲ ಕರದ್ರೂ ಬರ್ತೀನ್ರಿ.’

ಅಪೀಲಿಗೆ ಹೋದರು. ಆ ತಿಂಗಳುಗಳಲ್ಲಿ ಅಣ್ಣ ದೇಶ ಬಿಟ್ಟು ಹೋಗುವಂತಿರಲಿಲ್ಲ. ಬ್ಯಾಂಕಿನವರು ಮಾತ್ರ ಕೆಲಸಕ್ಕೆ ವಾಪಸು ಕರೆದುಕೊಂಡರು. ಮಗಳು ಶಾಲೆಗೆ ಹೋದಳು, ಮೊದಲ ದಿನ ತಾಯಿಯೊಂದಿಗೆ, ಆಮೇಲೆ ಒಬ್ಬಳೇ. ನಾನು ಎರಡನೇ ಮಹಡಿಗೆ ಕರೆದಾಗ ಹೋದೆ, ಕರೆಯದಾಗ ಹೋಗಲಿಲ್ಲ.

ಎರಡನೇ ತೀರ್ಪು ಬಂದದ್ದು ಬೇಸಗೆಯ ಬಾಗಿಲಲ್ಲಿ, ಧೂಳಿನ ಒಂದು ಬೆಳಗ್ಗೆ. ಗ್ರೂಪಿನಲ್ಲಿ ಆ ಬಗ್ಗೆ ಒಂದಕ್ಷರವೂ ಇರಲಿಲ್ಲ. ಜ್ಯೂರಿ ಅಂದು ಮಾವಿನ ಹಣ್ಣು ಎಲ್ಲಿ ಚೆನ್ನಾಗಿದೆ ಎಂಬುದರಲ್ಲಿ ಮುಳುಗಿತ್ತು. ನ್ಯಾಯಾಲಯದಲ್ಲಿ ನಾನು ಎಂದಿನಂತೆ ಹಿಂದಿನ ಗೋಡೆಯ ಕಡೆ ಹೊರಟೆ. ಮೈಸೂರಕ್ಕ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಹೋಗಿ ಕೂತೆ. ಅಣ್ಣ ಆಚೆ ಬದಿಯಲ್ಲಿ ಮಂಡಿಗಳ ಮೇಲೆ ಕೈಯಿಟ್ಟು ಕೂತಿದ್ದರು.

ನಮ್ಮ ಸಂಖ್ಯೆ ಈ ಸಲ ನಮಗೇ ತಿಳಿಯಿತು. ಸರ್ಕಾರದ ಅಪೀಲು ನಿಲ್ಲಲಿಲ್ಲ, ಬಿಡುಗಡೆ ಗಟ್ಟಿಯಾಯಿತು. ಅಣ್ಣ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಎಂಟು ತಿಂಗಳಲ್ಲಿ ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮೈಸೂರಕ್ಕ ಅವರ ಬೆನ್ನ ಮೇಲೆ ಕೈಯಿಟ್ಟು, ಉಸಿರು ಬಿಟ್ಟು, ‘ಏಳಿ, ಮಗಳು ಸ್ಕೂಲಿಂದ ಬರೋ ಹೊತ್ತಾಯ್ತು’ ಅಂದರು.

ಇಬ್ಬರೂ ಎದ್ದು ಬಾಗಿಲ ಕಡೆ ನಡೆದರು. ನಾನು ಕೂತೇ ಇದ್ದೆ. ಅದು ಅವರ ಮನೆಯ ಸಂತೋಷ, ಅದರಲ್ಲಿ ನಾನು ಹೋಗಿ ನಿಲ್ಲುವುದು ಸರಿಯಲ್ಲ ಅನ್ನಿಸಿತು. ಬಾಗಿಲ ಬಳಿ ಮೈಸೂರಕ್ಕ ನಿಂತರು. ಹಿಂದೆ ತಿರುಗಿ, ನಾನು ಬರುತ್ತಿದ್ದೇನೆಯೇ ಎಂದು ನೋಡಿದರು. ನಾನು ಏಳುವವರೆಗೂ ಅಲ್ಲೇ ನಿಂತಿದ್ದರು.